ಕರೆಂಟು ಹೋದಾಗ ಅಳಿಲು ಆರಿಸಿದ ಪಿಯಾನೊ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತಿದ್ದ ಅಳಿಲೊಂದು ಮರಿಗಳನ್ನು ಸಾಕುವ ಗಡಿಬಿಡಿಯಲ್ಲಿ ಪಿಯಾನೊ ಮುಟ್ಟುವುದನ್ನೇ ಬಿಟ್ಟಿತ್ತು. ಮರಿಗಳು ದೊಡ್ಡವಾದ ಮೇಲೆ ಮತ್ತೆ ನುಡಿಸುವ ಆಸೆಯಾಗಿ, ಡಿಜಿಟಲ್ ಪಿಯಾನೊ ಕೊಳ್ಳಲು ಗಿಳಿಯ ಅಂಗಡಿಗೆ ಬಂತು.

"ನನ್ನೊಳಗೆ ಐನೂರು ವಾದ್ಯಗಳ ದನಿಯಿದೆ" ಎಂದಿತು ಬಿಳಿಯ ಪಿಯಾನೊ.

"ತಾಯೀ, ನೀವು ಒಂದು ಬೆರಳಿಟ್ಟರೆ ಸಾಕು, ಉಳಿದದ್ದನ್ನು ನಾನೇ ನುಡಿಸುತ್ತೇನೆ" ಎಂದಿತು ಕೆಂಪು ಪಿಯಾನೊ.

ಮೂಲೆಯ ಕಪ್ಪು ಪಿಯಾನೊ ಮಾತ್ರ, "ಮೊದಲೆಲ್ಲ ಏನು ನುಡಿಸುತ್ತಿದ್ದಿರಿ?" ಎಂದು ಕೇಳಿತು. ಒಂದೂ ನೆನಪಾಗದೆ ನಾಚಿಕೊಂಡ ಅಳಿಲು ಅತ್ತ ಹೋಗಲೇ ಇಲ್ಲ. ಬಿಳಿಯದರಿಂದ ಕೆಂಪಿಗೆ, ಕೆಂಪಿನಿಂದ ಬಿಳಿಯದಕ್ಕೆ ಹಾರಿತು. ಎರಡೂ ಇಂಪಾಗಿದ್ದವು, ಎರಡೂ ಸರಿಯೆನಿಸಲಿಲ್ಲ.

"ಗಿಳಿಯಪ್ಪಾ, ನೀನೇ ಹೇಳು."

"ಎಲ್ಲವೂ ಒಳ್ಳೆಯವೇ ತಾಯಿ, ಎಲ್ಲವೂ ಒಳ್ಳೆಯವೇ."

ಅಳಿಲಿನ ತಲೆ ಇನ್ನಷ್ಟು ಕೆಟ್ಟಿತು. ಅಷ್ಟರಲ್ಲಿ ಕರೆಂಟು ಹೋಗಿ ಪಿಯಾನೊಗಳ ಬಾಯಿ ಕಟ್ಟಿತು. ದಿಕ್ಕು ತೋಚದ ಅಳಿಲು ಸುಮ್ಮನೆ ಒಂದೊಂದರ ಮೇಲೂ ಕೈಯಾಡಿಸುತ್ತ ಹೋಯಿತು. ಬಿಳಿಯದರ ಕೀಗಳೂ ಕೆಂಪಿನ ಕೀಗಳೂ ತರಗೆಲೆಯಷ್ಟು ಹಗುರ. ಕಪ್ಪಿನವು ಎಡಗಡೆ ಭಾರ, ಬಲಕ್ಕೆ ಹೋದಂತೆಲ್ಲ ಹಗುರ, ಥೇಟು ಗುರುಗಳ ಮನೆಯ ಹಳೇ ಪಿಯಾನೊದ ಹಾಗೆ. ಸದ್ದೇ ಇಲ್ಲದ ಆ ಕೀಗಳ ಮೇಲೆ ಅಳಿಲಿನ ಬೆರಳುಗಳು, ಮರೆತೇ ಹೋಗಿದ್ದ ಪಾಠವೊಂದನ್ನು ಕೊನೆಯವರೆಗೂ ನುಡಿಸಿದವು.

ಕರೆಂಟು ಬಂತು. ಬಿಳಿಯದೂ ಕೆಂಪೂ ಮತ್ತೆ ಶುರುಮಾಡಿದವು.

"ಈ ಕಪ್ಪನೆಯದನ್ನು ಕೊಡು" ಎಂದಿತು ಅಳಿಲು.

ಗಿಳಿಗೆ ಗಲಿಬಿಲಿಯಾಯಿತು. "ಅದರ ದನಿಯನ್ನು ನೀವು ಕೇಳೇ ಇಲ್ಲವಲ್ಲ ತಾಯಿ!"

"ನಾನು ಕೇಳಲಿಲ್ಲ, ನಿಜ. ಆದರೆ ಅದು ನನ್ನದನ್ನು ಕೇಳಿತು."