ಧಾರೆ ಬೀಳದ ಜಾಗ

ಹೊಳೆಯ ದಂಡೆಯ ಮೇಲೆ ಅಡಿವೆಪ್ಪಜ್ಜನವರ ಆಶ್ರಮ. ಕೂತಲ್ಲೇ ಉಪದೇಶ ಹೇಳಿ ಮುಗಿಸುವವರ ಪೈಕಿ ಅಲ್ಲ ಈ ಅಜ್ಜ.

ಅಲ್ಲಿನ ಲಿಂಗದ ಮೇಲೆ ತಾಮ್ರದ ಧಾರಾಪಾತ್ರೆ ತೂಗುತ್ತಿತ್ತು. ತಳದ ತೂತಿನಿಂದ ನೂಲಿನಂತೆ ನೀರು ಇಳಿಯುತ್ತಿತ್ತು.

ದಿನಾ ಬೆಳಿಗ್ಗೆ ಅದನ್ನು ತುಂಬುವವಳು ಶಿಷ್ಯೆ ಶಾವಂತ್ರಿ, ಊರಲ್ಲಿ ಕುಬಸ ಹೊಲಿದು ಬದುಕುವ ಹೆಂಗಸು. ಒಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ.

ಅಂದು ಅವಳು ನೀರು ತುಂಬಿ ಅಲ್ಲೇ ಕೂತುಬಿಟ್ಟಳು.

"ಏನಾತವಾ?" ಎಂದರು ಅಜ್ಜ.

"ಸಾದಾ ಮಂದಿನೂ ರಾಕೆಟ್‌ನ್ಯಾಗ ಆಕಾಶಕ್ಕ ಕರಕೊಂಡು ಹೋಗ್ತಾರಂತ ಹೆಸರು ಬರಸಿದ್ದೆ ನೋಡ್ರಿ. ಚೀಟಿ ಎತ್ತಿದ್ರ ನನ್ನ ಹೆಸರ ಬಂದೈತಿ. ಬರ್ತೀಯೋ ಇಲ್ಲೋ, ಮಧ್ಯಾಹ್ನದೊಳಗ ಹೇಳಬೇಕಂತ."

"ಹೇಳು ಮತ್ತ, ಬರ್ತೀನಂತ."

"ಒಲ್ಲೆ ಅಂತ ಹೇಳಾಕಿ ಅದೀನ್ರಿ."

ಹೇಳುವಾಗ ಅವಳ ಕಣ್ಣು ತುಂಬಿತು. ಚಿಕ್ಕಂದಿನಲ್ಲಿ ಮಾಳಿಗೆಯ ಮೇಲೆ ಅಂಗಾತ ಮಲಗಿ ಶುಕ್ರ ಯಾವುದು, ಮಂಗಳ ಯಾವುದು ಎಂದು ಗುರುತು ಹಿಡಿದವಳು ಅವಳು. ಆ ಆಸೆ ಎಷ್ಟು ಹಳೆಯದೆಂದು ಅಜ್ಜನಿಗೆ ಗೊತ್ತಿತ್ತು.

"ಯಾಕ? ದೊಡ್ಡ ಮಂದಿ ಅಷ್ಟ ಹೋಗಬೇಕಂತ ಆಕಾಶದಾಗ ಬೋರ್ಡ್ ಹಾಕ್ಯಾರೇನು?"

"ಅದಲ್ರಿ ಅಜ್ಜಾರ. ಅಲ್ಲಿ ಯಾವುದಕ್ಕೂ ತೂಕ ಇರಂಗಿಲ್ಲಂತ. ನೀರು ಸೈತ ಕೆಳಗ ಬೀಳಂಗಿಲ್ಲಂತ. ಭೂಮಿತಾಯಿ ಕೈಬಿಟ್ಟ ಜಾಗ ಅದು. ಧಾರಿ ಬೀಳದಲ್ಲಿ ದೇವರು ಹೆಂಗ ಇದ್ದಾನು?"

ಅಜ್ಜ ಎದ್ದರು. ಸರಪಳಿ ಬಿಚ್ಚಿ ಧಾರಾಪಾತ್ರೆಯನ್ನೇ ಕೆಳಗಿಳಿಸಿದರು.

ಶಾವಂತ್ರಿ ಧಡಕ್ಕನೆ ಎದ್ದಳು. "ಅಜ್ಜಾರ! ಧಾರಿ ನಿಂತ್ರ?"

"ನಿಲ್ಲಲಿ. ನೀ ಹೊಳ್ಯಾಗ ಇಳಿ."

ಅವಳು ಸೊಂಟದವರೆಗಿನ ನೀರಲ್ಲಿ ನಿಂತಳು. ಎಪ್ಪತ್ತೆಂಟರ ಅಜ್ಜ ಪಾತ್ರೆ ತುಂಬಿಕೊಂಡು, ದೋತರ ಎತ್ತಿಕಟ್ಟಿ, ದಂಡೆಯ ಎತ್ತರದ ಬಂಡೆ ಹತ್ತಿದರು. ಪಾತ್ರೆಯನ್ನು ಚಾಚಿ ಹಿಡಿದರು. ತಳದಿಂದ ನೀರಿನ ಎಳೆ ಇಳಿಯತೊಡಗಿತು.

"ಎಳೀ ಮ್ಯಾಲ ಕಣ್ಣಿಡು," ಎಂದವರೇ ಕೈಬಿಟ್ಟರು.

ಪಾತ್ರೆ ಅವಳ ಪಕ್ಕದಲ್ಲೇ ಧೊಪ್ಪೆಂದು ಬಿದ್ದು ಮುಖಕ್ಕೆಲ್ಲ ನೀರು ಸಿಡಿಯಿತು.

"ಏನ ಕಂಡಿ?"

"ಇನ್ನೊಮ್ಮೆ ಬಿಡ್ರಿ," ಎಂದಳು. ತಾನೇ ಪಾತ್ರೆ ತುಂಬಿಕೊಂಡು ಹತ್ತಿ, ಕೊಟ್ಟು ಇಳಿದಳು. ಮೂರನೆಯ ಸಲಕ್ಕೆ ಕೂಗಿಬಿಟ್ಟಳು.

"ನೀವು ಕೈಬಿಟ್ಟ ಕೂಡ್ಲೆ ಎಳಿ ನಿಂತೈತ್ರಿ! ಬೀಳುಮಟ ಒಂದ ಹನಿ ಸೋರಲಿಲ್ಲ!"

"ಆವಾಗ ಭೂಮಿ ಪಾತ್ರಿ ಕೈಬಿಟ್ಟಿತ್ತೇನು?"

"ಬಿಟ್ಟಿದ್ರ ಇಲ್ಲಿಗೆ ಹೆಂಗ ಬರ್ತಿತ್ರಿ? ಎಳಕೊಂಡಿತ್ತು."

"ಪಾತ್ರಿ, ನೀರು ಎರಡನ್ನೂ ಕೂಡೇ ಎಳಕೊಂತು. ಅದಕ್ಕ ಸೋರಲಿಲ್ಲ. ನಿನ್ನ ರಾಕೆಟ್ಟೂ ಹಾಂಗ. ಅದೂ ಬೀಳತಿರತೈತಿ, ಒಳಗಿನ ಮಂದಿನೂ ಬೀಳತಿರತಾರ."

"ಬಿದ್ರ ನೆಲಕ್ಕ ಬಡೀಬೇಕಲ್ರಿ?"

ಅಜ್ಜ ಒಂದು ಕಲ್ಲನ್ನು ಮೆಲ್ಲಗೆ ಎಸೆದರು. ಹತ್ತಿರವೇ ಬಿತ್ತು. ಇನ್ನೊಂದನ್ನು ಬೀಸಿ ಒಗೆದರು. ಅದು ನಡುಹೊಳೆ ದಾಟಿ ಬಿತ್ತು.

"ಜೋರ ಒಗದಷ್ಟೂ ದೂರ. ಭೂಮಿ ದುಂಡಗೈತಿ. ಭಾಳ ಜೋರ ಹೋದ್ರ, ನೀ ಬಿದ್ದಷ್ಟು ನೆಲಾನೂ ಕೆಳಗ ಬಾಗತೈತಿ. ಬೀಳೂದು ಮುಗಿಯಂಗಿಲ್ಲ, ಸುತ್ತೂದಾಗತೈತಿ. ಚಂದ್ರನೂ ಹಾಂಗ ಭೂಮಿ ಕಡೆ ಬೀಳಾಕತ್ತಾನ. ನಿನ್ನ ಶುಕ್ರ, ಮಂಗಳ ಸೂರ್ಯನ ಕಡೆ ಬೀಳಾಕತ್ತಾರ. ಯಾರು ಯಾರನ್ನ ಕೈಬಿಟ್ಟಾರ?"

ಶಾವಂತ್ರಿ ದಂಡೆ ಹತ್ತಿ, ಚೀಲದಿಂದ ಫೋನ್ ತೆಗೆದು, ಒದ್ದೆ ಸೀರೆಯಲ್ಲೇ ನಿಂತು ಮಾತಾಡಿದಳು. "ಬರ್ತೀನ್ರಿ," ಎಂದಳು, ಆಚೆ ದಂಡೆಗೂ ಕೇಳುವಂತೆ.

ಪಾತ್ರೆಯನ್ನು ಮತ್ತೆ ಸರಪಳಿಗೆ ಸಿಕ್ಕಿಸುವಾಗ ಅವಳ ಕೈ ತಡೆಯಿತು.

"ಅಜ್ಜಾರ, ಇಲ್ಲಿ ನೀವು ನೀರು ತುಂಬತೀರಿ. ಅಲ್ಲಿ ಐದು ದಿನ ನಾ ಧಾರಿ ಹೆಂಗ ಹಿಡೀಲಿ?"

ಅಜ್ಜ ನಕ್ಕರು.

"ಅಲ್ಲಿ ಧಾರಿಯಾಗಿ ಬೀಳಾಕಿ ನೀನ ಅಲ್ಲೇನವಾ? ಮತ್ತ ನೀರ್ಯಾಕ?"