ತೊಳೆಸಿಕೊಂಡ ಕಾಲು

"ಗುರುಗಳೇ, ನಂಬಿಕೆ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎನ್ನುತ್ತೀರಿ. ದಿನವೂ ಪೂಜೆಗೆ ಬರುವ ಈ ಜನರಲ್ಲಿ ಅದು ಯಾಕೆ ಕಾಣುವುದಿಲ್ಲ?" ಎಂದು ಇನ್ನಾಸಪ್ಪ ಕೇಳಿದ. ಅವನು ಚರ್ಚಿನಲ್ಲಿ ಧರ್ಮಪಾಠ ಹೇಳುವ ಉಪದೇಶಿಯ ಕೆಲಸ ಕಲಿಯಲು ಬಂದು ಎರಡು ವರ್ಷವಾಗಿತ್ತು. ಅಷ್ಟರಲ್ಲೇ ಊರವರ ಮೇಲೆ ಬೇಸರ ಬಂದಿತ್ತು.

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಪವಿತ್ರ ಗುರುವಾರದ ಸಂಜೆ ಆ ಊರಿನ ಪಾದ್ರಿ ದೇವಾಲಯದಲ್ಲಿ ಹನ್ನೆರಡು ಮಂದಿಯನ್ನು ಕೂರಿಸಿ ಅವರ ಕಾಲು ತೊಳೆಯುವುದು ವಾಡಿಕೆ. ಯೇಸು ತನ್ನ ಶಿಷ್ಯರಾದ ಹನ್ನೆರಡು ಪ್ರೇಷಿತರ ಕಾಲು ತೊಳೆದದ್ದರ ನೆನಪು ಅದು. ಗಾರೆಯವನು ಹದಿನೇಳು ವರ್ಷ ಜನರ ನಡುವೆ ನಿಂತು ನೋಡಿದ್ದ. ಕೊನೆಗೊಂದು ವರ್ಷ ಆ ಹನ್ನೆರಡು ಮಂದಿಯಲ್ಲಿ ಅವನ ಹೆಸರೂ ಬಂತು.

ತೊಳೆಸಿಕೊಳ್ಳಲು ಯಾರೂ ಕೊಳಕು ಕಾಲಿನಲ್ಲಿ ಹೋಗುವುದಿಲ್ಲ. ಮನೆಯಲ್ಲಿ ತೊಳೆದುಕೊಂಡೇ ಹೋಗುತ್ತಾರೆ. ಇವನ ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟು ಕೂತಿತ್ತು. ಹೆಂಡತಿ ದೂರದ ಬೋರಿನಿಂದ ಮೂರು ಕೊಡ ನೀರು ಹೊತ್ತು ತಂದಳು. ಅವನು ಇಟ್ಟಿಗೆ ಚೂರು ಹಿಡಿದು ಉಜ್ಜಿದ.

"ಮದುವೆಯ ದಿನವೂ ಈ ಕಾಲಿಗೆ ಇಷ್ಟು ಉಪಚಾರ ಆಗಿರಲಿಲ್ಲ ಬಿಡಿ" ಎಂದು ಅವಳು ನಕ್ಕಳು. ಇನ್ನೊಂದು ಕೊಡಕ್ಕೆ ಹೋದಳು.

ಸಂಜೆ ಪಾದ್ರಿ ಅವನ ಮುಂದೆ ಮಂಡಿಯೂರಿದ. ಕಾಲಿಗೆ ನೀರು ಹೊಯ್ದ, ಒರೆಸಿದ, ಬಗ್ಗಿ ಮುತ್ತಿಟ್ಟ. ಊರೆಲ್ಲ ನೋಡಿತು.

ಮನೆಗೆ ಬಂದಾಗ ಹೆಂಡತಿ ಜಗಲಿಯ ಮೇಲೆ ಕೂತಿದ್ದಳು. ಪೂಜೆಗೆ ಬಂದಿರಲಿಲ್ಲ.

"ಕೊನೆಯ ಕೊಡ ತರುವಾಗ ಜಾಲಿಮುಳ್ಳು ಹೊಕ್ಕಿತು ರೀ. ಒಳಗೇ ಮುರಿದಿದೆ. ಸ್ವಲ್ಪ ತೆಗೆದುಕೊಡಿ" ಎಂದು ಸೂಜಿ ಚಾಚಿದಳು.

ಎದುರು ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. ಗಂಡನಾದವನು ಹೆಂಡತಿಯ ಕಾಲು ಹಿಡಿದದ್ದನ್ನು ಆ ಬೀದಿ ಕಂಡಿರಲಿಲ್ಲ.

"ಇವರೆಲ್ಲರ ಎದುರು ನಿನ್ನ ಕಾಲು ಹಿಡಿಯಲೇ? ಅದೂ ಇವತ್ತು?" ಎಂದು ಅವನು ಒಳಗೆ ಹೋದ.

ಶಿಲುಬೆಯ ಮುಂದೆ ಮಂಡಿಯೂರಿದ. ಕಣ್ಣು ಮುಚ್ಚಿದರೆ ತನ್ನ ಕಾಲ ಬಳಿ ಬಗ್ಗಿದ್ದ ಪಾದ್ರಿಯ ನೆತ್ತಿ ಕಂಡಿತು. ಮೂರು ಸಲ ಜಪ ಶುರು ಮಾಡಿದ. ಮೂರು ಸಲವೂ ಮೊದಲ ಸಾಲಿನಲ್ಲೇ ನಾಲಿಗೆ ನಿಂತಿತು. ಮುಖ ಬಿಸಿಯಾಯಿತು. ಎದ್ದು ಹೊರಗೆ ಬಂದ.

ಅಷ್ಟರಲ್ಲಿ ಅವಳೇ ಮುಳ್ಳು ಕಿತ್ತುಕೊಂಡಿದ್ದಳು. ಸೆರಗಿನಿಂದ ರಕ್ತ ಒತ್ತಿ ಹಿಡಿದಿದ್ದಳು. "ಬಂತು ಬಿಡಿ, ಊಟಕ್ಕೆ ಬಡಿಸುತ್ತೇನೆ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮರುದಿನ ಬೆಳಿಗ್ಗೆ ಅವನು ಕೊಡ ಹೆಗಲಿಗಿಟ್ಟು ಬೋರಿಗೆ ಹೊರಟ.

"ಏನು ಪ್ರೇಷಿತರೇ, ಹೆಂಗಸರ ಸಾಲಿಗೆ ಸೇರಿಬಿಟ್ಟಿರಾ?" ಎಂದು ಎದುರುಮನೆಯವನು ಕೂಗಿದ. ಗಾರೆಯವನು ತಲೆ ಎತ್ತಲಿಲ್ಲ. ಕೊಡವನ್ನೂ ಇಳಿಸಲಿಲ್ಲ. ನೀರು ತಂದಿಟ್ಟ ಮೇಲೆ ಜಗಲಿಯಲ್ಲೇ ಕೂತು, ಹೆಂಡತಿಯ ಊದಿದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅರಿಸಿನ ಹಚ್ಚಿದ. ಅವಳು ಎಳೆದುಕೊಳ್ಳಲು ನೋಡಿದಳು. ಅವನು ಬಿಡಲಿಲ್ಲ.

ಇನ್ನಾಸಪ್ಪನಿಗೆ ಸಮಾಧಾನವಾಯಿತು. "ಹಾಗಾದರೆ ಒಳ್ಳೆಯತನ ನಾಚಿಕೆಯಿಂದ ಶುರುವಾಗುತ್ತದೆ ಎಂದಾಯಿತು. ನಮ್ಮ ಜನಕ್ಕೆ ಆ ನಾಚಿಕೆಯೇ ಇಲ್ಲವಲ್ಲ, ಗುರುಗಳೇ!" ಎಂದ.

ಗುರುಗಳು ತಮ್ಮ ಕೈಗಳನ್ನು ನೋಡಿಕೊಂಡರು.

"ಆ ಪಾದ್ರಿ ನಾನೇ, ಇನ್ನಾಸಪ್ಪ. ಹನ್ನೊಂದು ವರ್ಷ ನನಗೆ ಕಾಲು ತೊಳೆಯುವ ಆ ನೀರು ಕಾಯಿಸಿಕೊಟ್ಟ ಮುದುಕಿಯ ಹೆಸರನ್ನು, ಅವಳನ್ನು ಮಣ್ಣು ಮಾಡುವ ದಿನ ಪಕ್ಕದಲ್ಲಿದ್ದವರನ್ನು ಕೇಳಿ ತಿಳಿದುಕೊಂಡೆ."