ಕಸ್ತೂರಿಯ ಲ್ಯಾಪ್‌ಟಾಪ್ ಮಾತು ಬಿಟ್ಟಿದ್ದು

ನದೀತೀರದ ಆಶ್ರಮವೊಂದರಲ್ಲಿ ರುದ್ರಮುನಿ ಗುರುಗಳು ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಅವರೂ ಹುಟ್ಟು ಕುರುಡರು.

ಕಸ್ತೂರಿ ಅವರ ಶಿಷ್ಯೆ. ಕಾಯಿಲೆಯಲ್ಲಿ ಕಣ್ಣು ಹೋದ ಮೇಲೆ ಓದು ಬಿಟ್ಟಿದ್ದಳು. ಪರದೆಯ ಮೇಲೆ ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಲ್ಯಾಪ್‌ಟಾಪ್ ಕೈಗೆ ಬಂದಾಗಿನಿಂದ ಮತ್ತೆ ಓದಲು ಕೂತಿದ್ದಳು.

ಆ ಲ್ಯಾಪ್‌ಟಾಪಿನಲ್ಲೇ ಬರೆಯಬೇಕಿದ್ದ ಶಿಕ್ಷಕಿ ಹುದ್ದೆಯ ಪರೀಕ್ಷೆಗೆ ಇನ್ನೊಂದೇ ದಿನವಿತ್ತು. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದಳು. ಅದು ಮಾತಾಡಲಿಲ್ಲ.

ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದಳು. ಊಹೂಂ. ಕೊನೆಗೆ ಅದನ್ನು ಎದೆಗವಚಿಕೊಂಡು ಗುರುಗಳ ಕೋಣೆಗೆ ಬಂದಳು.

"ಗುರುಗಳೇ, ಇದು ಸತ್ತುಹೋಯ್ತು. ಕಣ್ಣು ಹೋದ ದಿನ ಆಗಿತ್ತಲ್ಲ, ಹಾಗೇ ಆಗ್ತಿದೆ ನನಗೆ."

ಗುರುಗಳು ಅವಳ ಅಂಗೈಯನ್ನು ಲ್ಯಾಪ್‌ಟಾಪಿನ ಅಡಿಗೆ ಹಿಡಿದರು.

"ಏನು ಗೊತ್ತಾಗುತ್ತೆ?"

"ಬೆಚ್ಚಗಿದೆ. ಒಳಗೆ ಫ್ಯಾನ್ ತಿರುಗ್ತಿದೆ."

"ಮತ್ತೆ ಸತ್ತಿದೆ ಅಂದೆ?"

ಅವಳು ಅದನ್ನು ಮೆಲ್ಲಗೆ ನೆಲದ ಮೇಲಿಟ್ಟಳು.

"ನಿನ್ನೆ ಏನು ಮಾಡಿದೆ?"

"ಅಪ್‌ಡೇಟ್ ಮಾಡಲಾ ಅಂತ ಕೇಳ್ತು. ಹೂಂ ಅಂದೆ."

"ಹಾಗಾದರೆ ಸ್ಪೀಕರನ್ನು ಮಾತಾಡಿಸುವ ಡ್ರೈವರ್ ಅನ್ನೋ ತಂತ್ರಾಂಶ ಕೆಟ್ಟಿರಬೇಕು. ಅದನ್ನು ತೆಗೆದುಹಾಕಿ, ಲ್ಯಾಪ್‌ಟಾಪ್ ಮತ್ತೆ ಶುರು ಮಾಡು. ಇನ್ನೊಂದನ್ನು ಅದೇ ಹಾಕಿಕೊಳ್ಳುತ್ತೆ."

"ದನಿಯಿಲ್ಲದೆ ನಾನು ಹೇಗೆ ಹುಡುಕಲಿ? ಕಣ್ಣಿರುವವರು ಯಾರನ್ನಾದರೂ ಕರೆಸಿ."

"ಕರೆಸಬಹುದು. ಬಂದವರು ಸರಿ ಮಾಡಿ ಹೋಗ್ತಾರೆ. ನಿನಗೆ ಏನು ಬಂದ ಹಾಗಾಯ್ತು?"

ಗುರುಗಳು ಒಂದೊಂದೇ ಕೀಲಿ ಹೇಳತೊಡಗಿದರು. ಲ್ಯಾಪ್‌ಟಾಪನ್ನು ಮುಟ್ಟಲೂ ಇಲ್ಲ. ಕಸ್ತೂರಿ ಅವಸರದಿಂದ ಒತ್ತುತ್ತಾ ಹೋದಳು.

"ನಿಲ್ಲು. ಒಂದೊಂದು ಕೀಲಿಗೂ ಒಂದು ಉಸಿರಿನಷ್ಟು ಸಮಯ ಕೊಡು, ತಾಯಿ. ನಮಗೆ ಅದು ಕೇಳಿಸ್ತಿಲ್ಲ. ಆದರೆ ಯಂತ್ರಕ್ಕೆ ನಾವು ಕೇಳಿಸ್ತಿದ್ದೇವೆ."

ಮತ್ತೆ ಮೊದಲಿನಿಂದ ಶುರು ಮಾಡಿದರು. ಬಾಣದ ಕೀಲಿ ಕೆಳಕ್ಕೆ. ಇನ್ನೊಮ್ಮೆ. ಈಗ ಬಲಕ್ಕೆ. ಈಗ ಅಳಿಸು. ಈಗ ಎಂಟರ್.

ಕಸ್ತೂರಿ ಬೆರಗಾದಳು. ತಾವು ಎಂದೂ ನೋಡದ ಆ ಪರದೆಯೊಳಗೆ ಗುರುಗಳು ತಮ್ಮ ಮನೆಯಂಗಳದಲ್ಲಿ ಓಡಾಡುವಂತೆ ಓಡಾಡುತ್ತಿದ್ದರು.

ಲ್ಯಾಪ್‌ಟಾಪ್ ಆರಿತು, ಮತ್ತೆ ಹೊತ್ತಿತು. ಇಬ್ಬರೂ ಕಾದರು.

"ಪಾಸ್‌ವರ್ಡ್ ನಮೂದಿಸಿ," ಎಂದಿತು ಯಂತ್ರ.

ಕಸ್ತೂರಿಗೆ ಅಳು ಬಂತು. ತಡಕಾಡಿ ಗುರುಗಳ ಪಾದ ಮುಟ್ಟಿದಳು.

"ಈಗ ಆ ಡ್ರೈವರನ್ನು ಮತ್ತೆ ತೆಗೆದುಹಾಕು," ಎಂದರು ಗುರುಗಳು.

"ಅಯ್ಯೋ! ನಾಳೆ ಪರೀಕ್ಷೆ ಇದೆ ಗುರುಗಳೇ."

"ಅದಕ್ಕೇ ಹೇಳಿದ್ದು. ನಾಳೆ ಪಕ್ಕದಲ್ಲಿ ನಾನಿರಲ್ಲ."

ಅವಳು ಪಾಸ್‌ವರ್ಡ್ ಹಾಕಿ, ಗುರುಗಳು ಹೇಳಿದ ಕೀಲಿಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು. ಆಮೇಲೆ ಕೀಲಿ ಒತ್ತಿದಳು. ದನಿ ಅರ್ಧ ಪದದಲ್ಲೇ ನಿಂತುಹೋಯಿತು.

ಗುರುಗಳು ಎದ್ದು ಜಗುಲಿಗೆ ಹೋದರು. ಹೆಜ್ಜೆಯ ಸದ್ದು ದೂರವಾಯಿತು.

ಅವಸರದಲ್ಲಿ ಕೀಲಿ ತಪ್ಪಿತು. ಏನೂ ಆಗಲಿಲ್ಲ. ಅವಳು ಅಂಗೈಯನ್ನು ಯಂತ್ರದ ಅಡಿಗಿಟ್ಟಳು. ಬೆಚ್ಚಗಿತ್ತು. ಉಸಿರೆಳೆದುಕೊಂಡು ಇನ್ನೊಮ್ಮೆ ಒತ್ತಿದಳು. ಕಾದಳು. ಮತ್ತೊಂದು ಕೀಲಿ. ಫ್ಯಾನ್ ನಿಂತು, ಮತ್ತೆ ತಿರುಗತೊಡಗಿತು. ಮತ್ತೆ ಕಾದಳು.

"ಪಾಸ್‌ವರ್ಡ್ ನಮೂದಿಸಿ."

"ದನಿ ಬಂತು ಗುರುಗಳೇ! ನಾನೇ ಸರಿ ಮಾಡಿದೆ!" ಎಂದು ಕೂಗಿದಳು.

ಜಗುಲಿಯಲ್ಲಿ ಯಾರೋ ಓಡಿ ಬಂದರು. ಜೊತೆಯಲ್ಲಿ ಕಲಿಯುತ್ತಿದ್ದ ಇಮಾಮ್. "ಗುರುಗಳೇ, ನಿನ್ನೆ ಅಪ್‌ಡೇಟ್ ಆದಮೇಲೆ ನನ್ನ ಲ್ಯಾಪ್‌ಟಾಪ್ ಮಾತೇ ಆಡ್ತಿಲ್ಲ. ಸ್ವಲ್ಪ ಬನ್ನಿ," ಎಂದ.

ಗುರುಗಳು ಹಗ್ಗದ ಮೇಲಿನ ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡರು.

"ನಾನು ಹೊಳೆಗೆ ಹೊರಟೆ ಇಮಾಮ್. ಒಳಗೆ ಕಸ್ತೂರಿ ಟೀಚರ್ ಇದ್ದಾರೆ, ಕೇಳು."